ಈ ಊರಿನಿಂದ ಆ ಊರಿಗೆ, ಬೆಟ್ಟ ದಾಟಿ

ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್‌ನಿಂದ ವೆಂಗೆನ್‌ಗೆ ರೈಲಿದೆ. ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಬೆಟ್ಟ ಹತ್ತಿ ಆಚೆ ಇಳಿಯುವ ಪುಟ್ಟ ರೈಲು. 1893ರಿಂದ ಓಡುತ್ತಿದೆ. ಆದರೂ ನಾನು, ಅಕ್ಕ ನಡೆದೇ ಹೋದೆವು. ಹಠ ಅಕ್ಕನದು. "ಮಂಡಿ ಇನ್ನೂ ಹೇಳಿದ ಮಾತು ಕೇಳ್ತಾ ಇದೆ ಕಣೇ. ಈಗಲೇ ಒಂದು ಬೆಟ್ಟ ದಾಟಿಬಿಡಬೇಕು" ಅಂದಿದ್ದಳು. ಅವಳಿಗೆ ಅರವತ್ತು ತುಂಬಿದ ವರ್ಷ ಅದು.

ನಾವು ಹೊರಟಿದ್ದು ಶಿಖರಕ್ಕಲ್ಲ. ಒಂದು ಕಡೆ ಐಗರ್, ಇನ್ನೊಂದು ಕಡೆ ಲೌಬರ್‌ಹಾರ್ನ್, ನಡುವೆ ಬೆಟ್ಟದ ಬೆನ್ನು ತಗ್ಗಿರುವ ಜಾಗ. ಕ್ಲೈನ ಶೈಡೆಕ್ ಅಂತ ಹೆಸರು, ಎತ್ತರ 2061 ಮೀಟರ್. ಕನ್ನಡದ 'ಕಂಡಿ' ಅನ್ನುವ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ನನಗೆ ಶಿಖರಕ್ಕಿಂತ ಇಂಥ ಜಾಗದ ಮೇಲೇ ಪ್ರೀತಿ ಜಾಸ್ತಿ. ಶಿಖರ ಹತ್ತಿದವರು ಬಂದ ಊರಿಗೇ ಇಳಿಯಬೇಕು. ಕಂಡಿ ದಾಟಿದರೆ ಇನ್ನೊಂದು ಊರು ಸಿಗುತ್ತದೆ, ಅಲ್ವಾ?

ಬೆಳಿಗ್ಗೆ ಏಳಕ್ಕೆ ಊರಿನ ತಳದ ಗ್ರುಂಡ್‌ನಲ್ಲಿ ಹೊಳೆ ದಾಟಿದೆವು. ಅಲ್ಲಿಂದ ಕಂಡಿಯ ತನಕ ಹೆಚ್ಚುಕಡಿಮೆ 1100 ಮೀಟರ್ ಏರು. ದಾರಿಯುದ್ದಕ್ಕೂ ಹಳದಿ ಕೈಮರಗಳು. ಅವುಗಳ ಮೇಲೆ ಕಿಲೋಮೀಟರ್ ಬರೆದಿರುವುದಿಲ್ಲ, ಗಂಟೆ ನಿಮಿಷ ಬರೆದಿರುತ್ತದೆ. ಮೊದಲು ವಿಚಿತ್ರ ಅನ್ನಿಸಿತು. ಅರ್ಧ ಗಂಟೆ ಏರಿದ ಮೇಲೆ ಅದೇ ಸರಿ ಅನ್ನಿಸಿತು. ಇಂಥ ಏರಿನಲ್ಲಿ ಒಂದು ಕಿಲೋಮೀಟರ್ ಅಂದರೆ ಎಷ್ಟು ಹೊತ್ತು ಅಂತ ಯಾರಿಗೆ ಗೊತ್ತಾಗುತ್ತದೆ?

ಹಸುಗಳು ಮೇಯುವ ಇಳಿಜಾರಿಗೆ ಬಂದಾಗ ದಾರಿಗೆ ಅಡ್ಡ ಒಂದು ತಂತಿ. ಸಣ್ಣಗೆ ಕರೆಂಟ್ ಹರಿಯುವ ಬೇಲಿ. ತುದಿಯಲ್ಲಿ ಪ್ಲಾಸ್ಟಿಕ್ ಹಿಡಿ, ಅದರೊಳಗೆ ಸ್ಪ್ರಿಂಗು, ಮುಂದೆ ಕೊಕ್ಕೆ. ಹಿಡಿ ಎಳೆದು ಕೊಕ್ಕೆ ಬಿಡಿಸಿ, ದಾಟಿ, ಮತ್ತೆ ಸಿಕ್ಕಿಸಬೇಕು. ನಾನು ಹಿಡಿದುಕೊಂಡೆ, ಅಕ್ಕ ದಾಟಿದಳು. ಮುಂದಿನ ಬೇಲಿಯಲ್ಲಿ ಅವಳು ಹಿಡಿದುಕೊಂಡಳು. ಕೊರಳ ಗಂಟೆ ಅಲುಗಿಸದೆ ಒಂದು ಹಸು ನಮ್ಮನ್ನೇ ನೋಡುತ್ತಾ ನಿಂತಿತ್ತು.

ಆಲ್ಪಿಗ್ಲೆನ್ ಹತ್ತಿರ ಬರುವಾಗ ಐಗರ್‌ನ ಉತ್ತರದ ಗೋಡೆ ನೇರ ತಲೆಯ ಮೇಲೆ ಬಂತು. ಸುಮಾರು 1800 ಮೀಟರ್ ಕಡಿದಾದ ಕಪ್ಪು ಬಂಡೆ. ಹಿಂದೆ ಕಣಿವೆಯಲ್ಲಿ ಬಿಸಿಲು ಬಂದಿತ್ತು, ಗೋಡೆಗೆ ಇನ್ನೂ ಇಲ್ಲ. 1938ರ ಜುಲೈನಲ್ಲಿ ನಾಲ್ಕು ಜನ ಮೊದಲ ಸಲ ಅದನ್ನು ಹತ್ತಿ ಮುಗಿಸಿದರು. ನನಗೆ ನೆನಪಾಗಿದ್ದು ಮಾತ್ರ ಅದಕ್ಕೂ ಎರಡು ವರ್ಷ ಮುಂಚಿನ ಟೋನಿ ಕುರ್ಟ್ಸ್. ಜೊತೆಗಿದ್ದ ಮೂವರೂ ಸತ್ತು, ಅವನೊಬ್ಬನೇ ಹಗ್ಗದಲ್ಲಿ ಉಳಿದಿದ್ದ. ಬಂಡೆಯೊಳಗಿನ ರೈಲು ಸುರಂಗದ ಬಾಗಿಲಿನಿಂದ ಹೊರಬಂದ ಮಾರ್ಗದರ್ಶಿಗಳು ಅವನ ಕೆಳಗಡೆಯೇ ಇದ್ದರು. ಹಗ್ಗ ಸಾಲದೆ ಎರಡನ್ನು ಗಂಟು ಹಾಕಿದ್ದರು. ಇಳಿಯುವಾಗ ಆ ಗಂಟು ಅವನ ಸೊಂಟದ ಕೊಕ್ಕೆಯಲ್ಲಿ ತೂರಲಿಲ್ಲ. ಕೆಲವೇ ಮೀಟರ್ ಬಾಕಿ ಇರುವಾಗ ಅವನು ಅಲ್ಲೇ ಸತ್ತ. 23 ವರ್ಷ. ಅಕ್ಕನಿಗೆ ಇದನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ "ಅವನ ತಾಯಿ ಇದ್ದಳೇನೇ?" ಅಂತ ಕೇಳಿದಳು.

ಕಂಡಿ ತಲುಪುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿ ರೈಲು ನಿಲ್ದಾಣವಿದೆ, ಜನವೋ ಜನ. ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರೂ ಸಾಲಾಗಿ ನಿಂತಿದ್ದವು. ನಾವು ಗದ್ದಲ ಬಿಟ್ಟು ಹುಲ್ಲಿನ ಮೇಲೆ ಕೂತೆವು. ಇಲ್ಲಿ ಬಿದ್ದ ಮಳೆ ಈ ಕಡೆ ಹರಿದರೆ ಕಪ್ಪು ಲ್ಯೂಚೀನ ಹೊಳೆಗೆ, ಆ ಕಡೆ ಹರಿದರೆ ಬಿಳಿ ಲ್ಯೂಚೀನಕ್ಕೆ ಹೋಗುತ್ತದೆ ಅಂತ ಅಕ್ಕನಿಗೆ ಹೇಳಿದೆ. ಅವಳು ಬಾಟಲಿಯಲ್ಲಿ ಉಳಿದಿದ್ದ ಒಂದು ಗುಟುಕು ನೀರನ್ನು ನೆಲಕ್ಕೆ ಸುರಿದು ಬಗ್ಗಿ ನೋಡಿದಳು. ಯಾವ ಕಡೆಗೂ ಹರಿಯಲಿಲ್ಲ, ಮಣ್ಣು ಕುಡಿದುಬಿಟ್ಟಿತು.

ಕಷ್ಟ ಶುರುವಾಗಿದ್ದು ಇಳಿಯುವಾಗ. ಏರಿನಲ್ಲಿ ಉಸಿರಿಗೆ ಕೆಲಸ, ಇಳಿತದಲ್ಲಿ ಮಂಡಿಗೆ. ಬೆರಳುಗಳು ಶೂನ ಮೂತಿಗೆ ಒತ್ತುತ್ತವೆ, ಪ್ರತಿ ಹೆಜ್ಜೆಯ ಭಾರವನ್ನೂ ಮಂಡಿಯೇ ತಡೆಯಬೇಕು. ಕೈಕೋಲುಗಳನ್ನು ಸ್ವಲ್ಪ ಉದ್ದ ಮಾಡಿಕೊಟ್ಟೆ. ವೆಂಗೆರ್ನಾಲ್ಪ್ ನಿಲ್ದಾಣ ಬರುವ ಹೊತ್ತಿಗೆ ಅಕ್ಕನ ಬಲಗಾಲು ಎಳೆಯುತ್ತಿತ್ತು. ಅಷ್ಟರಲ್ಲಿ ರೈಲೂ ಬಂತು.

"ಹತ್ತೋಣ ಅಕ್ಕ. ಮಾಡಿದ್ದು ಸಾಕು, ನಿಜವಾಗಲೂ."

ಅವಳು ರೈಲನ್ನು ನೋಡಿದಳು. ಆಗ ಎದುರಿನ ಯುಂಗ್‌ಫ್ರಾವ್ ಮೈಮೇಲೆ ಬಿಳಿ ಪುಡಿ ಜಾರಿತು. ಸದ್ದಿಲ್ಲ. ಹಿಟ್ಟಿನ ಮೂಟೆ ಬಿಚ್ಚಿದ ಹಾಗೆ ಬಂಡೆಯ ಮೇಲೆ ಹರಡುತ್ತಾ ಇಳಿಯಿತು. ಕೆಲವು ಕ್ಷಣ ಬಿಟ್ಟು ಗುಡುಗು ಕೇಳಿಸಿತು. ಮಧ್ಯಾಹ್ನದ ಬಿಸಿಲಿಗೆ ಹಿಮನದಿಯ ಅಂಚಿನ ಮಂಜುಗಡ್ಡೆ ಮುರಿದು ಬೀಳುವುದು ಅಲ್ಲಿ ಮಾಮೂಲು. ಸದ್ದು ಅಡಗುವ ತನಕ ಇಬ್ಬರೂ ಅಲ್ಲಾಡಲಿಲ್ಲ. ತಿರುಗಿ ನೋಡಿದರೆ ರೈಲು ಹೊರಟುಹೋಗಿತ್ತು. "ನಡಿ, ನಿಧಾನಕ್ಕೆ ಹೋಗೋಣ" ಅಂದಳು.

ಉಳಿದ ದಾರಿಯೆಲ್ಲಾ ಅವಳ ಒಂದು ಕೈ ನನ್ನ ಭುಜದ ಮೇಲೆ. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೆ ನಾವಿಬ್ಬರೇ ಅಷ್ಟು ಹೊತ್ತು ಜೊತೆಗಿದ್ದಿದ್ದು ನನಗೆ ನೆನಪಿಲ್ಲ. ಅಮ್ಮನ ಕೊನೆಯ ದಿನಗಳ ಬಗ್ಗೆ ಮಾತಾಡಿದೆವು. ಫೋನಿನಲ್ಲಿ ಒಂದು ಸಲವೂ ಆಡಲಾಗದ ಮಾತುಗಳು. ಮುಖ ನೋಡದೆ, ದಾರಿ ನೋಡುತ್ತಾ ಮಾತಾಡುವಾಗ ಸುಲಭವಾಗಿ ಬರುತ್ತವೆ.

ವೆಂಗೆನ್‌ಗೆ ವಾಹನಗಳ ರಸ್ತೆ ಹೋಗುವುದಿಲ್ಲ. ಸಂಜೆ ಆರಕ್ಕೆ ಊರೊಳಗೆ ಕಾಲಿಟ್ಟಾಗ ನಮ್ಮ ಕೋಲುಗಳ ಟಕ್ ಟಕ್ ಸದ್ದೇ ದೊಡ್ಡದಾಗಿ ಕೇಳಿಸಿತು.

ಮಾರನೇ ದಿನ ರೈಲಿನಲ್ಲಿ ಇಳಿದು ಬರುವಾಗ ಅಕ್ಕ ತ್ಸ್ವೈಲ್ಯೂಚೀನೆನ್‌ನಲ್ಲಿ ಇಳಿಯೋಣ ಅಂದಳು. ಎರಡು ಲ್ಯೂಚೀನಗಳೂ ಸೇರುವ ಊರು ಅದು, ಹೆಸರೇ ಹಾಗಿದೆ. ಕುಂಟುತ್ತಲೇ ಹೊಳೆಯ ತನಕ ಬಂದಳು. ಒಂದು ಹಾಲು ಬೆರೆಸಿದ ಹಾಗೆ, ಇನ್ನೊಂದು ಬೂದಿ ಕದಡಿದ ಹಾಗೆ. ಮುಂದಿನ ರೈಲು ಬರುವ ಹೊತ್ತಾಗುವ ತನಕ ಅಲ್ಲೇ ನಿಂತಿದ್ದೆವು.