"ಹಂಚಿನದ್ದು ತಪ್ಪಿಲ್ಲ ಅಕ್ಕ"

ಮಂಗಳವಾರ ಅಮ್ಮನ ಮನೆಯ ಹಂಚಿನ ಮಾಡಿನ ಮೇಲೆ ಕೂತು ಮೇಸ್ತ್ರಿ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಒಂದು ಹಂಚು ತೆಗೆದು ಎಡಗೈಯಲ್ಲಿ ಎತ್ತಿ ಹಿಡಿದರು. ಬಲಗೈ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಠಣ್ ಅಂತ ಗಂಟೆಯ ಹಾಗೆ ಕೇಳಿತು. "ಹಂಚಿನದ್ದು ತಪ್ಪಿಲ್ಲ ಅಕ್ಕ. ಇದು ನಮ್ಮಿಬ್ಬರಿಗಿಂತ ಜಾಸ್ತಿ ಬಾಳ್ತದೆ."

ಅಮ್ಮ ಇರುವುದು ಮಂಗಳೂರಿನ ಕುಲಶೇಖರದ ಹತ್ತಿರ, ಅಜ್ಜ 1964ರಲ್ಲಿ ಕಟ್ಟಿಸಿದ ಮನೆಯಲ್ಲಿ. ಹೋದ ಮಳೆಗಾಲದಲ್ಲಿ ಅವಳ ಕೋಣೆ ಸೋರಿತು. ಜುಲೈ ಪೂರ್ತಿ ಮಂಚ ಆ ಮೂಲೆಯಿಂದ ಈ ಮೂಲೆಗೆ. ಈ ಸಲ ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಬರುವ ತುಳುವರ ಆ ದಿನಕ್ಕೆ, ಮೊದಲು ಸರಿ ಮಾಡಿಸಲೇಬೇಕು ಅಂತ ರಜೆ ಹಾಕಿ ಬಂದೆ.

ಮೊದಲು ಬಂದವರು ಶೀಟ್ ಹಾಕುವ ಕಂಟ್ರಾಕ್ಟರ್. ಏಣಿ ಹತ್ತಲೇ ಇಲ್ಲ. ಗೋಡೆಯ ಕಲೆ ನೋಡಿ, "ಎಲ್ಲ ಹೋಗಿದೆ. ಹಂಚು ಇಳಿಸಿ ಶೀಟ್ ಹಾಕುವಾ, ಮತ್ತೆ ನಿಮಗೆ ತಲೆಬಿಸಿ ಇಲ್ಲ" ಅಂದರು. ಮೂರು ಲಕ್ಷದ ಹತ್ತಿರ. ಪುಣೆಯಲ್ಲಿರುವ ಅಣ್ಣನಿಗೂ ಅದೇ ಸರಿ ಅನ್ನಿಸಿತು. ದೂರದಲ್ಲಿ ಇರುವವರಿಗೆ ತಲೆಬಿಸಿ ಇಲ್ಲ ಅನ್ನುವ ಮಾತು ಹಿತವಾಗಿರುತ್ತದೆ, ಅವನನ್ನು ದೂರುವುದಿಲ್ಲ. ಆದರೆ ಮೇಲೆ ಹತ್ತದೆ ಮಾಡು ಹೋಗಿದೆ ಅನ್ನುವವರನ್ನು ನಾನು ನಂಬಲಾರೆ.

ಮೇಸ್ತ್ರಿ ಹತ್ತಿದರು. ಅರವತ್ತು ದಾಟಿದ ಮನುಷ್ಯ, ಬರಿಗಾಲು. ಅಡಿಯಲ್ಲಿ ಪಕ್ಕಾಸು, ಅಂದರೆ ಮಾಡು ಹೊರುವ ಓರೆ ಮರ, ಇದ್ದಲ್ಲಿ ಮಾತ್ರ ಹೆಜ್ಜೆ ಇಡುತ್ತಿದ್ದರು. ಕಲೆ ಇದ್ದ ಜಾಗದ ಕಡೆ ಹೋಗಲೇ ಇಲ್ಲ. ಅದಕ್ಕಿಂತ ಏಳೆಂಟು ಅಡಿ ಮೇಲೆ, ಎರಡು ಮಾಡು ಸೇರುವ ಸಂದಿಗೆ ಹೋದರು. ಅಲ್ಲಿ ಮಾವಿನ ಎಲೆ ಬಿದ್ದು ಬಿದ್ದು ಕೊಳೆತು ಗೊಬ್ಬರ ಆಗಿತ್ತು. ಬಾಚಿ ತೆಗೆದರೆ ಕೆಳಗಿನ ತಗಡು ಜರಡಿ. ನೀರು ಅಲ್ಲಿ ಒಳಗಿಳಿದು, ಪಕ್ಕಾಸಿನ ಬದಿಗೇ ಹರಿದು, ಅಮ್ಮನ ತಲೆದಿಂಬಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡು ಪಕ್ಕಾಸು, ಹಂಚು ಕೂರುವ ಮರದ ಪಟ್ಟಿ ಏಳು ರೀಪು ಕೈಯಲ್ಲಿ ಹಿಂಡಿದರೆ ಪುಡಿ. ಹಂಚು ಮಾತ್ರ ಗಟ್ಟಿ.

ಇಳಿಸಿದ ಹಂಚನ್ನು ನಾನೇ ತೆಂಗಿನ ನಾರಿನಿಂದ ಉಜ್ಜಿ ತೊಳೆದೆ. ಪಾಚಿ ಹೋದ ಮೇಲೆ ಹಿಂಬದಿಯಲ್ಲಿ ಮಂಗಳೂರು ಅನ್ನುವ ಇಂಗ್ಲಿಷ್ ಅಕ್ಷರ ಕಾಣಿಸಿತು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳು 1865ರಲ್ಲಿ ನೇತ್ರಾವತಿ ದಂಡೆಯಲ್ಲಿ ಶುರು ಮಾಡಿದ ಹಂಚಿನ ಕೆಲಸ ಇದು. ಆಮೇಲೆ ಊರ ತುಂಬ ಕಾರ್ಖಾನೆ ಬಂತು. ಈಗ ಹೆಚ್ಚಿನವು ಮುಚ್ಚಿವೆ. ಒಡೆದದ್ದಕ್ಕೆ ಬದಲಿ ಹುಡುಕುವುದೇ ಕಷ್ಟ, ಯಾಕೆಂದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚಿ ಕೂರುವುದಿಲ್ಲ. ಕೆಡವುತ್ತಿದ್ದ ಒಂದು ಮನೆಯಿಂದ ಮೇಸ್ತ್ರಿ ಅದೇ ಅಚ್ಚಿನ ನಲವತ್ತು ಹಂಚು ರಿಕ್ಷಾದಲ್ಲಿ ತಂದರು. ಹಿಂದೆ ಯಾರೋ ಒಡಕಿಗೆ ಸಿಮೆಂಟ್ ಮೆತ್ತಿದ್ದನ್ನು ನೋಡಿ ಅವರಿಗೆ ಸಿಟ್ಟೇ ಬಂತು. ಒಂದು ಒಡೆದರೆ ಒಂದನ್ನು ಬದಲಿಸಬೇಕು, ಮೆತ್ತಿದರೆ ಬಿಡಿಸುವಾಗ ಪಕ್ಕದ್ದೂ ಹೋಗುತ್ತದೆ ಅಂದರು.

ಹಂಚಿನದ್ದು ತಪ್ಪಿಲ್ಲ ಅಕ್ಕ. ಹಾಗಾದರೆ ಯಾರದ್ದು? ರಾತ್ರಿ ಮಲಗಿದಾಗ ಅದೇ ಯೋಚನೆ. ಅಪ್ಪ ಇದ್ದಾಗ ಪ್ರತಿ ವರ್ಷ ಮಳೆಗೆ ಮೊದಲು ಹಂಚು ಕೈಯಾಡಿಸುತ್ತಿದ್ದರು. ಅವರು ಹೋಗಿ ಎಂಟು ವರ್ಷ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಊರಲ್ಲಿ ಎಂಟು ವರ್ಷ ನಾವು ಒಬ್ಬರೂ ಮೇಲೆ ನೋಡಿಲ್ಲ. ಅಮ್ಮ ಫೋನಿನಲ್ಲಿ ಸೋರುತ್ತದೆ ಅಂದಾಗಲೆಲ್ಲ ನಾನು ಹೇಳಿದ್ದು ಒಂದೇ. ಆ ಮನೆ ಹಳತಾಯಿತು, ಇಲ್ಲಿಗೆ ಬಂದುಬಿಡು. ಅವಳು ಒಪ್ಪದಿದ್ದರೆ ಹಠ ಅಂದೆ. ಅವಳು ಕೇಳಿದ್ದು ಮಾಡು ರಿಪೇರಿ ಅಲ್ವಾ, ಬೇರೆ ಮನೆ ಅಲ್ಲ. ಅದು ನನಗೆ ಅರ್ಥ ಆಗಲು ಇಷ್ಟು ವರ್ಷ ಬೇಕಾಯಿತು.

ಮರ, ಹೊಸ ತಗಡು, ಐದು ದಿನದ ಕೂಲಿ ಎಲ್ಲ ಸೇರಿ ನಲವತ್ತೆರಡು ಸಾವಿರ ಆಯಿತು. ಇಳಿದ ಮೇಲೆ ಮೇಸ್ತ್ರಿ ಮೊಣಕಾಲು ಹಿಡಿದು ಜಗಲಿಯಲ್ಲಿ ಕೂತರು. ಸೊಂಟಕ್ಕೆ ಒಂದು ಹಗ್ಗ ಕೂಡ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗ. ಮುಂದಿನ ವರ್ಷ ಬರ್ತೀರಲ್ಲ ಅಂದೆ. "ನೋಡುವಾ ಅಕ್ಕ, ಕಾಲು ಕೇಳಬೇಕಲ್ಲ." ಮಗ ದುಬೈಯಲ್ಲಿ, ಅವನಿಗೆ ಈ ಕೆಲಸ ಗೊತ್ತಿಲ್ಲ. ಆಮೇಲೆ ನನ್ನನ್ನು ಏಣಿಯ ಕೊನೆಯ ಮೆಟ್ಟಿಲ ತನಕ ಹತ್ತಿಸಿ, ಉದ್ದ ಬಿದಿರಿಗೆ ಹಿಡಿಸೂಡಿ ಕಟ್ಟಿ ಆ ಸಂದಿ ಗುಡಿಸುವುದು ಹೇಗೆ ಅಂತ ತೋರಿಸಿದರು.

ನಿನ್ನೆ ಸಂಜೆ ಹತ್ತಿ ನೋಡಿದೆ. ಹೊಸ ತಗಡಿನ ಮೇಲೆ ಆಗಲೇ ನಾಲ್ಕು ಮಾವಿನ ಎಲೆ ಬಿದ್ದಿತ್ತು. ಗುಡಿಸಿ ಇಳಿದೆ. ಅಮ್ಮ ಕೆಳಗೆ ಏಣಿ ಹಿಡಿದು ನಿಂತಿದ್ದಳು.