1312ರ ಜೂನ್ 15: ಅಬಾ ಮನೆತನ ಸೋತಿದ್ದೆಲ್ಲಿ?

ಹಂಗೇರಿಯ ಅಬಾ ಮನೆತನ ದೊರೆ ಮೊದಲನೇ ಚಾರ್ಲ್ಸ್ ವಿರುದ್ಧ ತಿರುಗಿಬಿದ್ದ ಕಥೆಯನ್ನು ಹೆಚ್ಚಿನವರು ಆ ದಿನ ಮನೆತನ ಸೋತ ರೊಜ್ಗೋನಿಯ ರಣರಂಗದಿಂದ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ಕಶ್ಶಾ ಪಟ್ಟಣದಿಂದ, ಅಂದರೆ ಇಂದಿನ ಸ್ಲೊವಾಕಿಯಾದ ಕೊಶಿತ್ಸೆಯಿಂದ.

ಚಾರ್ಲ್ಸ್‌ಗೆ ಮೂರು ಸಲ ಪಟ್ಟ ಕಟ್ಟಿದ್ದರು: 1301, 1309, 1310. ಪಟ್ಟ ಕ್ರಮಬದ್ಧವಾಗಲು ಬೇಕಾಗಿದ್ದ ಪವಿತ್ರ ಕಿರೀಟ, ಎಸ್ತೆರ್‌ಗೊಮ್‌ನ ಆರ್ಚ್‌ಬಿಷಪ್, ಸೆಕೆಶ್‌ಫೆಹೆರ್ವಾರ್ ನಗರ, ಈ ಮೂರೂ ಕೂಡಿಬಂದದ್ದು ಕೊನೆಯ ಸಲ ಮಾತ್ರ. ಕಿರೀಟ ಸಿಕ್ಕಿತು, ರಾಜ್ಯ ಕೈಗೆ ಬರಲಿಲ್ಲ. ಈಶಾನ್ಯದ ಕೋಟೆಗಳು ಅಬಾ ಮನೆತನದ ಮುಖಂಡ ಅಮಾದೆಯ ವಶದಲ್ಲಿದ್ದವು. ದೊರೆಗೆ ಬೆಂಬಲ ಕೊಟ್ಟವನೂ ಅವನೇ, ಆದರೆ ತನ್ನ ಸೀಮೆಯಲ್ಲಿ ತಾನೇ ದೊರೆ.

ಕಶ್ಶಾವನ್ನೂ ಹಿಡಿತಕ್ಕೆ ತೆಗೆದುಕೊಳ್ಳಲು ಹೋಗಿ 1311ರ ಸೆಪ್ಟೆಂಬರ್‌ನಲ್ಲಿ ಆತ ಅಲ್ಲಿನ ಜರ್ಮನ್ ನಿವಾಸಿಗಳ ಕೈಯಲ್ಲಿ ಸತ್ತ. ಅಕ್ಟೋಬರ್‌ನ ರಾಜಿಯಲ್ಲಿ ಚಾರ್ಲ್ಸ್ ಪಟ್ಟಣದ ಪರ ನಿಂತ. ಅಪ್ಪನನ್ನು ಕಳೆದುಕೊಂಡ ಮಕ್ಕಳೇ ಬಿಟ್ಟುಕೊಡಬೇಕಾಯಿತು. ಅಂಥ ರಾಜಿ ನಿಲ್ಲುವುದಾದರೂ ಹೇಗೆ? ಅವರು ವಾಯವ್ಯದ ಬಲಾಢ್ಯ ಮಾತೆ ಚಾಕ್‌ನ ಜೊತೆ ಸೇರಿದರು.

1312ರಲ್ಲಿ ಚಾರ್ಲ್ಸ್ ಬಂಡಾಯಗಾರರ ಕೈಯಲ್ಲಿದ್ದ ಶಾರೋಶ್ ಕೋಟೆಗೆ ಮುತ್ತಿಗೆ ಹಾಕಿದ. ಚಾಕ್ ನೆರವಿಗೆ ಕಳಿಸಿದ್ದು 1,700 ಈಟಿಗಾರರನ್ನು ಎನ್ನುತ್ತದೆ ಅಂದಿನ ವೃತ್ತಾಂತ. ದೊರೆ ಮುತ್ತಿಗೆ ತೆಗೆದು ಸೆಪೆಶ್ ಸೀಮೆಗೆ ಸರಿದು, ಅಲ್ಲಿ ನೆಲೆಸಿದ್ದ ಜರ್ಮನ್ನರಾದ ಸ್ಯಾಕ್ಸನ್ನರನ್ನು ಸೇರಿಸಿಕೊಂಡ. ಅಷ್ಟರಲ್ಲಿ ಬಂಡಾಯಗಾರರು ಕಶ್ಶಾಕ್ಕೆ ಮುತ್ತಿಗೆ ಹಾಕಿದ್ದರು. ದೊರೆ ಬರುತ್ತಿದ್ದಾನೆಂದು ತಿಳಿದು ಅದನ್ನು ಬಿಟ್ಟು ರೊಜ್ಗೋನಿ ಬಳಿಯ ಗುಡ್ಡ ಹಿಡಿದರು.

ಗುಡ್ಡ ಹಿಡಿದದ್ದು ಜಾಣತನವೇ. ಎಡವಿದ್ದು ಬೇರೆ ಕಡೆ. ಪಟ್ಟಣ ಸೋತಿರಲಿಲ್ಲ, ಅದರ ಜನರ ಕೈಯಲ್ಲಿ ಆಯುಧವಿತ್ತು, ಅಮಾದೆಯನ್ನು ಕೊಂದಿದ್ದರಿಂದ ಅಬಾಗಳು ಗೆದ್ದರೆ ತಮಗೆ ಉಳಿಗಾಲವಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಅಂಥವರನ್ನು ಹತ್ತಿರದಲ್ಲೇ ಬಿಟ್ಟು ದೊರೆಯೊಡನೆ ಸೆಣಸಲು ನಿಂತರು.

ಕಾಳಗ ಘೋರವಾಗಿತ್ತು. ರಾಜಧ್ವಜವೇ ಉರುಳಿತು. ಸೇನೆಗೆ ಧ್ವಜ ಬಿದ್ದರೆ ದೊರೆ ಬಿದ್ದಂತೆ, ಎಲ್ಲಿ ಕೂಡಬೇಕೆಂಬುದೇ ತಿಳಿಯುವುದಿಲ್ಲ. ಚಾರ್ಲ್ಸ್ ಹಾಸ್ಪಿಟಲರ್ ಯೋಧಸನ್ಯಾಸಿಗಳ ಧ್ವಜದಡಿ ನಿಂತು ಕಾದಿದ. ಆ ಹೊತ್ತಿಗೆ ಕಶ್ಶಾದ ಪಡೆ ಬಂದು ಸೇರಿತು, ಕಾಳಗದ ದಿಕ್ಕು ತಿರುಗಿತು. ಬಂಡಾಯದ ಮುಖಂಡರು ರಣರಂಗದಲ್ಲೇ ಬಿದ್ದರು, ಅಮಾದೆಯ ಮಕ್ಕಳೂ ಸತ್ತವರಲ್ಲಿದ್ದರು.

ಇದರಿಂದ ಈಶಾನ್ಯ ಸೀಮೆ ದೊರೆಯ ಕೈಗೆ ಬಂತು, ಅಷ್ಟೇ. ಚಾಕ್‌ನ ಸೀಮೆ ದಕ್ಕಿದ್ದು 1321ರಲ್ಲಿ, ಅವನು ಸತ್ತ ಮೇಲೆ.