ಹಿತ್ತಾಳೆ ತಂಬಿಗೆಗೆ ಹೊಳಪು ಬಂತು

ಕ್ರಿಟಾದಲ್ಲಿ (ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ) ಬಿಡಿಸುತ್ತಿರುವ ತಂಬಿಗೆ ಚಿತ್ರ ಈಗ ಒಂದು ಹದಕ್ಕೆ ಬಂದಿದೆ. ಗೆರೆ ಕೆಲಸ, ಅಡಿಬಣ್ಣ ಮೊದಲೇ ಮುಗಿದಿತ್ತು. ಈ ವಾರ ಪೂರ್ತಿ ನೆರಳು-ಬೆಳಕು.

ಲೋಹ ಬಿಡಿಸುವಾಗ ನಾನು ಮೊದಲು ನೋಡುವುದು ಅದರ ಸುತ್ತ ಏನಿದೆ ಅಂತ. ಹೊಳೆಯುವ ಹಿತ್ತಾಳೆಯಲ್ಲಿ ಕಾಣುವುದೆಲ್ಲ ಎದುರಿಗಿದ್ದ ವಸ್ತುಗಳೇ. ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಒಂದು ಭಾಂಡೆ ಅಂಗಡಿಯಲ್ಲಿ ಫೋಟೋ ತೆಗೆದುಕೊಂಡಿದ್ದೆ. ಅಲ್ಲಿ ಟ್ಯೂಬ್‌ಲೈಟ್ ಜಾಸ್ತಿ, ಒಂದು ಕೊಡದೊಳಗೆ ಇನ್ನೊಂದು ಕೊಡ ಕಾಣುತ್ತದೆ. ನೋಡೋಕೆ ಚೆಂದ, ಆದರೆ ಆಕಾರವೇ ತಿಳಿಯುವುದಿಲ್ಲ. ಹಾಗಾಗಿ ಧಾರವಾಡದ ನಮ್ಮ ಮನೆಯ ಅಡುಗೆಮನೆಯನ್ನೇ ಇಟ್ಟುಕೊಂಡೆ: ಒಂದು ಕಿಟಕಿ, ಕೆಳಗೆ ಕಪ್ಪು ಕಡಪಾ ಕಟ್ಟೆ.

ತಂಬಿಗೆಯ ಹೊಟ್ಟೆ ಸುಲಭ. ಮೇಲ್ಭಾಗದಲ್ಲಿ ಕಿಟಕಿ, ಕೆಳಭಾಗದಲ್ಲಿ ಕಟ್ಟೆಯ ಕಪ್ಪು. ಕೊರಳಲ್ಲಿ ಇದು ತಲೆಕೆಳಗು. ಅಲ್ಲಿ ಮೈ ಒಳಗೆ ಬಾಗಿರುವುದರಿಂದ ಬೆಳಕು ಕೊರಳಿನ ಬುಡದಲ್ಲಿ ಬೀಳುತ್ತದೆ, ಕತ್ತಲು ಬಾಯಿಯ ಅಂಚಿನ ಕೆಳಗೆ ಕೂರುತ್ತದೆ. ಆ ಕತ್ತಲಲ್ಲೂ ಒಂದು ಕೆಂಪು-ಕಿತ್ತಳೆ ಪಟ್ಟಿ ಇದೆ ನೋಡಿ, ನನಗೆ ತುಂಬಾ ಇಷ್ಟವಾದ ಜಾಗ ಅದು. ಹೆಗಲಿಗೆ ಬಡಿದ ಬೆಳಕು ಮತ್ತೆ ಕೊರಳಿಗೆ ಬಡಿಯುತ್ತದೆ. ಎರಡು ಸಲ ಹಿತ್ತಾಳೆಗೆ ತಾಗಿದ್ದರಿಂದ ಬಣ್ಣ ಇನ್ನೂ ಗಾಢ.

ಮಿಂಚಿಗೆ ಸುಮ್ನೆ ಬಿಳಿ ಹಚ್ಚಿದರೆ ಪ್ಲಾಸ್ಟಿಕ್ ಅನಿಸುತ್ತದೆ. ಪ್ಲಾಸ್ಟಿಕ್ ಮೇಲಿನ ಮಿಂಚಿಗೆ ದೀಪದ ಬಣ್ಣ ಇರುತ್ತದೆ. ಹಿತ್ತಾಳೆ, ತಾಮ್ರ ಹಾಗಲ್ಲ, ಮಿಂಚಿಗೂ ತಮ್ಮ ಬಣ್ಣ ಕೊಡುತ್ತವೆ. ಅದಕ್ಕೇ ಕಲರ್ ಡಾಡ್ಜ್ ಲೇಯರಿನಲ್ಲಿ, ಅಂದರೆ ಕೆಳಗಿನ ಬಣ್ಣವನ್ನು ಬೆಳಗಿಸುವ ಪದರದಲ್ಲಿ, ಮಬ್ಬು ಕಿತ್ತಳೆ ಹಚ್ಚಿದೆ. ನಟ್ಟನಡುವೆ ಮಾತ್ರ ತಿಳಿಹಳದಿ. ಕಣ್ಣಿನಿಂದ ಓರೆಯಾಗುವ ಅಂಚುಗಳಲ್ಲಿ ಬಣ್ಣ ಸ್ವಲ್ಪ ಪೇಲವವಾಗಬೇಕು, ಅಲ್ಲಿ ಲೋಹದ ಹಳದಿ ಕಡಿಮೆಯಾಗಿ ಬೆಳಕಿನ ಬಣ್ಣ ಮುಂದೆ ಬರುತ್ತದೆ. ನೆರಳಿಗೆ ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರ್, ಕಂದು ಬಣ್ಣ. ಬೂದು ಬಣ್ಣ ಹತ್ತಿರ ಬಿಡಲೇಬಾರದು.

ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆ ಇದು. ಆದ್ದರಿಂದ ಕಪ್ಪು-ಹಳದಿಯ ಅಂಚು ಚೂಪಾಗಿಯೇ ಇದೆ, ಅಂಚು ಮೆತ್ತಗೆ ಮಾಡುವ ಏರ್‌ಬ್ರಷ್ ಮುಟ್ಟಿಲ್ಲ. ತಳದ ಹತ್ತಿರ ಮಾತ್ರ, ತಿಕ್ಕುವ ಕೈ ಸರಿಯಾಗಿ ಹೋಗದ ಕಡೆ, ಪ್ರತಿಬಿಂಬವನ್ನು ಮಸುಕು ಮಾಡಿದೆ.

ಚಿತ್ರ ನೋಡಿ ಅವ್ವ ಕೇಳಿದಳು, "ಅಲ್ಲೋ ತಮ್ಮಾ, ನಮ್ಮ ತಂಬಿಗಿಗೆ ನೆಗ್ಗು ಇಲ್ಲೇನು?" ಹೌದು, ಬೇಕೇ ಬೇಕು. ನೆಗ್ಗಿಗೆ ಬೇರೆ ನೆರಳು ಹಾಕಲಿಲ್ಲ. ಹೊಟ್ಟೆಯ ಮೇಲೆ ಇಳಿಯುವ ಕಿಟಕಿ ಸರಳಿನ ಪ್ರತಿಬಿಂಬವನ್ನು ಅಲ್ಲಿ ಒಳಕ್ಕೆ ಜಗ್ಗಿ, ಸ್ವಲ್ಪ ಕೆಳಗೆ ಮತ್ತೆ ದಾರಿಗೆ ತಂದೆ. ಅಷ್ಟಕ್ಕೇ ತಗಡು ಒಳಗೆ ಹೋದಂತೆ ಕಾಣುತ್ತದೆ.

ಇನ್ನು ಪಕ್ಕದ ಸ್ಟೀಲ್ ಲೋಟ ಬಾಕಿ. ಅದಕ್ಕೆ ತನ್ನದೇ ಬಣ್ಣ ಇಲ್ಲವೇ ಇಲ್ಲ ಅನ್ನಬಹುದು. ಒಂದು ಬದಿ ಕಿಟಕಿಯ ನೀಲಿ, ಇನ್ನೊಂದು ಬದಿ ತಂಬಿಗೆಯ ಹಳದಿ. ಆ ಹಳದಿ ಪಟ್ಟಿಯಿಂದಲೇ ಶುರು ಮಾಡುತ್ತೇನೆ.